ತುಕ್ಕು ಹೇಳುವ ಕಾರಿನ ಚರಿತ್ರೆ

ದಾವಣಗೆರೆ ಜಿಲ್ಲೆಯ ನ್ಯಾಮತಿಯ ಅಡಿಕೆ ತೋಟದ ಮನೆಯೊಂದರಲ್ಲಿ ಒಂದು ಫಿಯೆಟ್ ಕಾರು, ಅದೇ ಜಿಲ್ಲೆಯ ಜಗಳೂರು ಕಡೆಯ ಹಳ್ಳಿಯೊಂದರ ಕಣದ ಬದಿಯಲ್ಲಿ ಇನ್ನೊಂದು. ಎರಡೂ ಒಂದೇ ವರ್ಷ ತಯಾರಾದವು, ಎರಡೂ ಇಪ್ಪತ್ತು ವರ್ಷದಿಂದ ನಿಂತಲ್ಲೇ ನಿಂತಿವೆ ಎಂದಿಟ್ಟುಕೊಳ್ಳಿ. ತೋಟದ ಕಾರಿನ ನೆಲದ ತಗಡು ಬೆರಳಿನಿಂದ ಒತ್ತಿದರೆ ಉದುರುತ್ತದೆ, ರಬ್ಬರು ಮಾತ್ರ ಇನ್ನೂ ಮೆತ್ತಗಿದೆ. ಕಣದ ಕಾರಿನ ತಗಡು ಗಟ್ಟಿಯಾಗಿದೆ, ಆದರೆ ಗಾಜಿನ ಸುತ್ತಲಿನ ರಬ್ಬರು ಒಣಸೌದೆಯಂತೆ ಬಿರಿದಿದೆ. ಈ ವ್ಯತ್ಯಾಸ ಏಕೆ ಬಂತೆಂದು ತಿಳಿದರೆ ಹಳೆಯ ಕಾರನ್ನು ಉಳಿಸುವ ವಿಜ್ಞಾನದ ಅರ್ಧ ತಿಳಿದಂತೆ.

ಟ್ಯೂರಿನ್‌ನಿಂದ ಕುರ್ಲಾಕ್ಕೆ

ಈ ಕಾರಿನ ಬೇರು ಇಟಲಿಯ ಟ್ಯೂರಿನ್ ನಗರದಲ್ಲಿದೆ. ಎಂಜಿನಿಯರ್ ದಾಂತೆ ಜಿಯಾಕೋಸಾ ನೇತೃತ್ವದಲ್ಲಿ ರೂಪುಗೊಂಡ ಫಿಯೆಟ್ 508ಸಿ ಕಾರು 1937ರಲ್ಲಿ ರಸ್ತೆಗೆ ಬಂತು. ಅದರ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರು. ಒಂದೊಂದರ ಒಳವ್ಯಾಸ 68 ಮಿಲಿಮೀಟರ್, ಪಿಸ್ಟನ್ ಓಡಾಡುವ ದೂರ 75 ಮಿಲಿಮೀಟರ್, ಒಟ್ಟು ಗಾತ್ರ 1,089 ಸಿಸಿ. ಇದೇ ಎಂಜಿನ್ನನ್ನು ಹುರಿಗೊಳಿಸಿ ಚಿಸಿತಾಲಿಯಾ ಕಂಪನಿ 1947ರ ಹೊತ್ತಿಗೆ ತನ್ನ 202 ಸ್ಪೋರ್ಟ್ಸ್ ಕಾರನ್ನು ಕಟ್ಟಿತು. ಪಿನಿನ್‌ಫರೀನಾ ರೂಪಿಸಿದ ಅದರ ಮೈಮಾಟವನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಕಲಾಕೃತಿಯೆಂದೇ ಕಾಪಾಡಿಕೊಂಡಿದೆ.

ಭಾರತದಲ್ಲೇ ಕಾರು ಕಾರ್ಖಾನೆ ಆಗಬೇಕೆಂದು 1930ರ ದಶಕದಲ್ಲಿ ಯೋಜನೆ ಹಾಕಿದವರು ಸರ್ ಎಂ. ವಿಶ್ವೇಶ್ವರಯ್ಯ. ಆ ದಾರಿಯಲ್ಲಿ ಮುಂದೆ ಹೋದ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಮುಂಬೈ ಕುರ್ಲಾದ ಅದರ ಕಾರ್ಖಾನೆಯಿಂದ ಫಿಯೆಟ್ 1100 ಹೊರಬಂತು. 1974ರಲ್ಲಿ ಅದಕ್ಕೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಾಯಿತು. ಜನರ ಬಾಯಲ್ಲಿ ಅದು ಕೊನೆಯವರೆಗೂ ಫಿಯೆಟ್ಟೇ. ಚಿಸಿತಾಲಿಯಾದ ಎಂಜಿನ್ ವಂಶದ್ದೇ ಆದ 1,089 ಸಿಸಿ ಎಂಜಿನ್ ನಮ್ಮ ಮದುವೆ ದಿಬ್ಬಣಗಳನ್ನೂ ಎಳೆದಿದೆ.

ಯಜಮಾನರ ಜಾಡು

ಕಾರು ಯಾರ ಕೈಯಿಂದ ಯಾರ ಕೈಗೆ ಬಂತೆಂದು ಆರ್‌ಸಿ ಪುಸ್ತಕ ಹೇಳುತ್ತದೆ. ನಂಬರ್ ಪ್ಲೇಟೂ ಒಂದಿಷ್ಟು ಹೇಳುತ್ತದೆ. ದಾವಣಗೆರೆ ಜಿಲ್ಲೆ ಆದದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಹೀಗಾಗಿ ಇಂದು ದಾವಣಗೆರೆಯ ಕೆಎ 17ಕ್ಕೆ ಸೇರಿದ ಊರುಗಳಲ್ಲಿರುವ ಹಳೆಯ ಕಾರುಗಳ ಮೇಲೆ ಶಿವಮೊಗ್ಗದ ಕೆಎ 14, ಚಿತ್ರದುರ್ಗದ ಕೆಎ 16 ಕಂಡರೆ ಅಚ್ಚರಿಯಿಲ್ಲ.

ಕಾಗದ ಹೇಳದ್ದನ್ನು ತಗಡು ಹೇಳುತ್ತದೆ. ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳಗೆ, ಚಕ್ರದ ಕಮಾನಿನ ಸುತ್ತ ಆಡಿಸಿ. ಗಟ್ಟಿಯಾಗಿ ಹಿಡಿದರೆ ಕೆಳಗೆ ಉಕ್ಕಿದೆ. ಜಾರಿ ಬಿದ್ದರೆ ಅಲ್ಲಿ ದಪ್ಪಗೆ ಪುಟ್ಟಿ ಮೆತ್ತಲಾಗಿದೆ, ಅಂದರೆ ಎಂದೋ ಪೆಟ್ಟು ಬಿದ್ದಿದೆ ಅಥವಾ ತುಕ್ಕು ಹಿಡಿದಿದೆ. ಮರೆಯಾದ ಒಂದು ಮೂಲೆಯಲ್ಲಿ ನುಣುಪು ಎಮರಿ ಕಾಗದದಿಂದ ಬಣ್ಣವನ್ನು ಇಳಿಜಾರಾಗಿ ಉಜ್ಜಿದರೆ ಮರದ ಕಾಂಡದ ಉಂಗುರಗಳಂತೆ ಪದರಗಳು ಬಿಚ್ಚಿಕೊಳ್ಳುತ್ತವೆ. ಎಷ್ಟು ಸಲ ಬಣ್ಣ ಬಳಿಸಲಾಗಿದೆ, ಕಾರ್ಖಾನೆಯ ಮೊದಲ ಬಣ್ಣ ಯಾವುದು ಎಂಬುದು ಅಲ್ಲೇ ತಿಳಿಯುತ್ತದೆ.

ತೋಟದ ತುಕ್ಕು, ಬಯಲಿನ ಬಿರುಕು

ತಗಡಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಕೂತರೂ ಅದೊಂದು ಪುಟ್ಟ ಬ್ಯಾಟರಿ. ಒಂದು ಬಿಂದುವಿನಲ್ಲಿ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುತ್ತದೆ. ಪಕ್ಕದಲ್ಲೇ ನೀರಿನಲ್ಲಿ ಬೆರೆತ ಆಮ್ಲಜನಕ ಆ ಎಲೆಕ್ಟ್ರಾನನ್ನು ಹಿಡಿದುಕೊಳ್ಳುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಸುಮಾರು ಶೇ. 60 ದಾಟಿತೆಂದರೆ ಈ ಕ್ರಿಯೆ ಚುರುಕಾಗುತ್ತದೆ. ತುಂಗಭದ್ರೆಯ ದಂಡೆಯ ಹೊನ್ನಾಳಿ, ಭದ್ರಾ ನಾಲೆಯ ನೀರುಣ್ಣುವ ಚನ್ನಗಿರಿಯ ಗದ್ದೆ ತೋಟಗಳ ನಡುವೆ ಆ ತೇವ ಬೇಗ ಆರುವುದಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಬಣ್ಣ ಗುಳ್ಳೆಯೇಳುವುದು ಅದಕ್ಕೇ. ಈ ಫಿಯೆಟ್ಟಿಗೆ ಬೇರೆ ಚಾಸಿಯಿಲ್ಲ, ಮೈಯೇ ಚೌಕಟ್ಟು. ಆದ್ದರಿಂದ ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ ತೂತುಬಿದ್ದರೆ ಕಾರಿನ ಬೆನ್ನೆಲುಬೇ ಸಡಿಲ. ಪುಟ್ಟಿ ಅದಕ್ಕೆ ಮದ್ದಲ್ಲ. ಕೆಟ್ಟ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಲೇಬೇಕು.

ಜಗಳೂರಿನ ಒಣಗಾಳಿ ಉಕ್ಕನ್ನು ಕಾಯುತ್ತದೆ. ಆದರೆ ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯ ಓಝೋನ್ ರಬ್ಬರಿನ ಉದ್ದನೆಯ ಅಣುಸರಪಳಿಗಳನ್ನು ಕತ್ತರಿಸುತ್ತವೆ. ಬಿರಿದ ರಬ್ಬರನ್ನು ಬದಲಿಸದೆ ಕಾರನ್ನು ಮಳೆಗೆ ಇಳಿಸಿದರೆ ಗಾಜಿನ ಸಂದಿಯಿಂದ ನೀರು ಒಳಗಿಳಿದು ಇಲ್ಲೂ ನೆಲದ ತಗಡು ಕೆಡುತ್ತದೆ.

ಬಿಚ್ಚಿದ ಸಣ್ಣ ಭಾಗಗಳ ತುಕ್ಕನ್ನು ವಿದ್ಯುತ್ತಿನಿಂದಲೇ ಬಿಡಿಸಬಹುದು. ಪ್ಲಾಸ್ಟಿಕ್ ಬುಟ್ಟಿಯ ನೀರಿಗೆ ವಾಷಿಂಗ್ ಸೋಡಾ ಕದಡಿ, ಬ್ಯಾಟರಿ ಚಾರ್ಜರಿನ ಋಣ ತುದಿಯನ್ನು ಆ ಭಾಗಕ್ಕೆ, ಧನ ತುದಿಯನ್ನು ಗುಜರಿ ಕಬ್ಬಿಣದ ತುಂಡಿಗೆ ಕೊಡಬೇಕು. ಸ್ಟೇನ್‌ಲೆಸ್ ಸ್ಟೀಲ್ ಬಳಸಬೇಡಿ, ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಹೈಡ್ರೋಜನ್ ಅನಿಲ ಹೊರಡುವುದರಿಂದ ಈ ಕೆಲಸ ಬಯಲಿನಲ್ಲೇ ಆಗಲಿ, ಹತ್ತಿರ ಬೆಂಕಿ ಬೇಡ.

ಎಂಜಿನ್ನೂ ಪೆಟ್ರೋಲೂ

ಬಹುಕಾಲ ನಿಂತ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲು ಹೋಗಬೇಡಿ. ಸಿಲಿಂಡರಿಗೆ ಕಚ್ಚಿಕೊಂಡ ಪಿಸ್ಟನ್ ರಿಂಗುಗಳು ಮುರಿಯುತ್ತವೆ. ಪ್ಲಗ್ಗಿನ ತೂತಿನಿಂದ ಎಣ್ಣೆ ಬಿಟ್ಟು, ಕೆಲವು ದಿನ ನೆನೆಯಲು ಬಿಟ್ಟು, ಎಂಜಿನ್ನನ್ನು ಕೈಯಿಂದ ಮೆಲ್ಲಗೆ ತಿರುಗಿಸಬೇಕು. ಸಿಲಿಂಡರ್ ಸವೆದಿದ್ದರೆ ಬೋರಿಂಗ್ ಅನಿವಾರ್ಯ. ಅರ್ಧ ಮಿಲಿಮೀಟರ್ ಅಗಲಿಸಿದರೆ 1,089 ಸಿಸಿ ಸುಮಾರು 1,105 ಆಗುತ್ತದೆ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಬೇಕು.

ಈ ಎಂಜಿನ್ ಹುಟ್ಟಿದ ಕಾಲದ ಪೆಟ್ರೋಲೂ ಈಗಿಲ್ಲ. ಆಗಿನ ಪೆಟ್ರೋಲಿನ ಸೀಸ ವಾಲ್ವ್ ಕೂರುವ ಅಂಚಿಗೆ ಮೆತ್ತೆಯಾಗಿತ್ತು. ಜನರ ಆರೋಗ್ಯಕ್ಕಾಗಿ 2000ದ ಫೆಬ್ರುವರಿಯಲ್ಲಿ ದೇಶವಿಡೀ ಅದನ್ನು ನಿಲ್ಲಿಸಿದ್ದು ಸರಿಯಾದ ಕೆಲಸ. ಹಳೆಯ ಎಂಜಿನ್ನಿಗೆ ಗಡಸು ಉಕ್ಕಿನ ವಾಲ್ವ್ ಸೀಟು ಕೂರಿಸಿದರಾಯಿತು. ಈಗ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪನ್ನು ಊದಿಸಿ ಮೆತ್ತಗಾಗಿಸುತ್ತದೆ. ಎಥನಾಲ್ ತಾಳುವ ಪೈಪು ಹಾಕಿಸದೆ, ಕಾರ್ಬುರೇಟರಿನ ಜೆಟ್ ಪರೀಕ್ಷಿಸದೆ ಗಾಡಿಯನ್ನು ರಸ್ತೆಗಿಳಿಸಬಾರದು.

2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿ ಮೂಲರೂಪ ಉಳಿಸಿಕೊಂಡ ಕಾರಿಗೆ ವಿಂಟೇಜ್ ಮಾನ್ಯತೆಯಿದೆ. ಮೂಲರೂಪ ಎಂಬ ಮಾತನ್ನು ಗಮನಿಸಿ. ಹೊಳೆಯುವ ಹೊಸ ಬಣ್ಣ ಯಾರು ಬೇಕಾದರೂ ಬಳಿಸಬಹುದು. ಅದರ ಕೆಳಗೆ ಅಳಿಸಿಹೋದ ಚರಿತ್ರೆ ಮತ್ತೆ ಬರುವುದಿಲ್ಲ. ನಿಮ್ಮ ಮನೆಯ ಹಿಂದೆ ಅಂಥದ್ದೊಂದು ಕಾರು ನಿಂತಿದ್ದರೆ ಗುಜರಿಗೆ ಕೊಡುವ ಮೊದಲು ಟಾರ್ಪಾಲು ಸರಿಸಿ ಗಾಳಿಯಾಡಲು ಬಿಡಿ, ಬಾಗಿಲ ಕೆಳಗಿನ ನೀರಿಳಿಯುವ ತೂತುಗಳನ್ನು ಕಡ್ಡಿಯಿಂದ ಬಿಡಿಸಿ. ಬಿಚ್ಚುವ ಮುನ್ನ ಫೋಟೊ ತೆಗೆಯಿರಿ, ಬಿಚ್ಚಿದ್ದಕ್ಕೆ ಚೀಟಿ ಕಟ್ಟಿ, ಬದಲಿಸಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ನೋಟ್‌ಬುಕ್ಕನ್ನು ಆರ್‌ಸಿ ಪುಸ್ತಕದ ಜೊತೆಗೇ ಮುಂದಿನ ಯಜಮಾನರ ಕೈಗೆ ಕೊಡಿ.