ಮದ್ಯ, ನಿದ್ರಾಗುಳಿಗೆ ಮತ್ತು ಆಯುಷ್ಯ

ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಯಾರೂ ದುಶ್ಚಟವೆಂದು ಕರೆಯುವುದಿಲ್ಲ. ಅದಕ್ಕೆ ಔಷಧಿ ಚೀಟಿಯ ಗೌರವವಿದೆ. ಕುಡಿತವನ್ನು ಮನೆಯವರಿಂದ ಮುಚ್ಚಿಡುವವನು ಕೂಡ ನಿದ್ರಾಗುಳಿಗೆಯನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾನೆ. ಆದರೆ ಮಿದುಳಿನ ಮಟ್ಟಿಗೆ ಇವೆರಡೂ ಒಂದೇ ಕುಲಕ್ಕೆ ಸೇರಿದವು.

1960ರಲ್ಲಿ ಲಿಬ್ರಿಯಮ್, 1963ರಲ್ಲಿ ವ್ಯಾಲಿಯಮ್ ಬಳಕೆಗೆ ಬಂದಾಗ, ಹಳೆಯ ಬಾರ್ಬಿಟ್ಯುರೇಟ್ ಗುಳಿಗೆಗಳಷ್ಟು ಇವು ಅಪಾಯಕರವಲ್ಲವೆಂದು ವೈದ್ಯಲೋಕ ಸಮಾಧಾನಪಟ್ಟಿತು. ಬೇರೇನೂ ಬೆರೆಯದಿದ್ದರೆ ಆ ಮಾತು ಬಹುಮಟ್ಟಿಗೆ ನಿಜ. ಮಿದುಳಿನ ಉದ್ರೇಕವನ್ನು ತಗ್ಗಿಸುವ 'ಗಾಬಾ' ಎಂಬ ರಾಸಾಯನಿಕದ ಕಾರ್ಯವನ್ನು ಈ ಗುಳಿಗೆಗಳೂ ಬಲಪಡಿಸುತ್ತವೆ, ಮದ್ಯವೂ ಬಲಪಡಿಸುತ್ತದೆ. ಎರಡೂ ಕೂಡಿದ ರಾತ್ರಿ ಉಸಿರಾಟವೇ ಕುಗ್ಗಬಹುದು. ಊರು ಬಿಟ್ಟು ಬಂದು ಮಹಾನಗರದ ಕೋಣೆಯಲ್ಲಿ ಒಬ್ಬನೇ ಮಲಗುವವನ ಉಸಿರು ಏರುಪೇರಾದರೆ ಗಮನಿಸುವವರಾದರೂ ಯಾರು?

ಇಂತಹ ಹಠಾತ್ ಮರಣ ಸುದ್ದಿಯಾಗುತ್ತದೆ. ನಿಧಾನವಾಗಿ ಬರುವ ಮರಣಕ್ಕೆ ಬೇರೆ ಹೆಸರುಗಳಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಮದ್ಯದ ಕಾರಣದಿಂದ ಸತ್ತವರು ಸುಮಾರು 26 ಲಕ್ಷ. ಇವರಲ್ಲಿ ಸುಮಾರು 16 ಲಕ್ಷ ಮಂದಿಯನ್ನು ಕೊಂಡೊಯ್ದದ್ದು ಯಕೃತ್ತಿನ ಕಾಯಿಲೆ, ಹೃದ್ರೋಗ, ಕ್ಯಾನ್ಸರ್ ಮೊದಲಾದ ದೀರ್ಘರೋಗಗಳು. 7 ಲಕ್ಷಕ್ಕೂ ಮಿಕ್ಕಿ ಜನರನ್ನು ಅಪಘಾತ, ಆತ್ಮಹತ್ಯೆ ಮುಂತಾದವು. ಮರಣಪತ್ರದಲ್ಲಿ 'ಹೃದಯಾಘಾತ' ಎಂದಿರುತ್ತದೆ. ಬಾಟಲಿಯ ಸುದ್ದಿ ಅಲ್ಲಿ ಬರುವುದು ಅಪರೂಪ, ಗುಳಿಗೆಯದಂತೂ ಇನ್ನೂ ಅಪರೂಪ.

ಆದ್ದರಿಂದಲೇ ದಶಕಗಳ ಕಾಲ ಅದೇ ಜನರನ್ನು ಹಿಂಬಾಲಿಸಿದ ಅಧ್ಯಯನಗಳಿಗೆ ಬೆಲೆ. ಅಮೆರಿಕದ ಜಾರ್ಜ್ ವೈಲಂಟ್ 1996ರಲ್ಲಿ ಪ್ರಕಟಿಸಿದ ವರದಿ ಹಾರ್ವರ್ಡ್‌ನಲ್ಲಿ ಓದಿದವರನ್ನೂ ಬಾಸ್ಟನ್ ನಗರದ ಬಡ ಬಡಾವಣೆಗಳ ಹುಡುಗರನ್ನೂ ಯೌವನದಿಂದ ಮುಪ್ಪಿನವರೆಗೆ ನೋಡಿದ ಫಲ. ಕುಡಿತಕ್ಕೆ ಬಿದ್ದವರ ಪೈಕಿ 60 ವರ್ಷ ತುಂಬುವುದರೊಳಗೆ ಬಾಸ್ಟನ್ನಿನವರಲ್ಲಿ ಶೇಕಡ 28, ಹಾರ್ವರ್ಡ್‌ನವರಲ್ಲಿ ಶೇಕಡ 18 ಮಂದಿ ತೀರಿಕೊಂಡಿದ್ದರು. ಆದರೆ ಚಟವನ್ನು ಪೂರ್ಣವಾಗಿ ಬಿಟ್ಟವರು ಬಡವರಲ್ಲಿ ಶೇಕಡ 30. ವಿದ್ಯಾವಂತರಲ್ಲಿ ಕೇವಲ 11! ಕೆಲಸ, ಸಂಬಳ, ಮರ್ಯಾದೆ ಉಳಿದಿರುವಾಗ ಬಿಡುವ ಅಗತ್ಯವೇ ಕಾಣದೆನ್ನಬೇಕು. ಐದು ವರ್ಷ ಮುಟ್ಟದೆ ಉಳಿದವರು ಮರಳಿ ಬಿದ್ದದ್ದು ವಿರಳ.

ಹಾಗೆಂದು ಒಂದೇ ದಿನ ಬಿಟ್ಟುಬಿಡುವುದು ಸಲ್ಲದು. ಬಹುಕಾಲದ ಮದ್ಯವನ್ನಾಗಲಿ ಗುಳಿಗೆಯನ್ನಾಗಲಿ ಥಟ್ಟನೆ ನಿಲ್ಲಿಸಿದರೆ ನಡುಕ, ಸೆಳವು, ಸನ್ನಿ ಉಂಟಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ವಿಚಿತ್ರವೆಂದರೆ, ಕುಡಿತ ಬಿಡಿಸುವಾಗ ಆಸ್ಪತ್ರೆಯಲ್ಲಿ ಮೊದಲ ಕೆಲವು ದಿನ ಕೊಡುವುದೂ ಇದೇ ವರ್ಗದ ಗುಳಿಗೆಗಳನ್ನೇ, ದಿನದಿನಕ್ಕೆ ಪ್ರಮಾಣ ಇಳಿಸುತ್ತ. ಆ ಗುಳಿಗೆ ರೋಗಿಯೊಡನೆ ಮನೆಗೆ ಬಂದು ತಿಂಗಳುಗಟ್ಟಲೆ ಉಳಿದಾಗ ಎರಡನೆಯ ಚಟ ಮೊದಲಾಗುತ್ತದೆ. ಭಾರತದಲ್ಲಿ 2014ರಿಂದ ಆಲ್‌ಪ್ರಜೋಲಾಮ್, ಡಯಾಜೆಪಾಮ್ ಮುಂತಾದವುಗಳ ಮಾರಾಟವನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಬೇಕೆಂಬ ನಿಯಮವಿದೆ. ಆದರೆ ಗಿರಾಕಿ ಸಂಜೆ ಎಷ್ಟು ಕುಡಿಯುತ್ತಾನೆಂಬುದು ಆ ಪುಸ್ತಕದಲ್ಲಿ ಇರುವುದಿಲ್ಲ. ಅದನ್ನು ವೈದ್ಯರಿಗೆ ರೋಗಿಯೇ ಹೇಳಬೇಕು, ಇಲ್ಲವೇ ಅವನ ಮನೆಯವರು.