ಪದ್ಯದ ಕೌದಿ

ಹಳೆಯ ಸೀರೆ, ಧೋತರಗಳ ತುಂಡು ಕೂಡಿಸಿ ಹೊಲಿದ ಕೌದಿಯನ್ನು ಬೆಳಗಾವಿ, ಖಾನಾಪುರಗಳ ಕಡೆಯವರಿಗೆ ಬಣ್ಣಿಸಿ ಹೇಳಬೇಕಾಗಿಲ್ಲ. ಕಾವ್ಯದಲ್ಲಿಯೂ ಇಂಥ ಕೌದಿ ಉಂಟು. ಬೇರೆ ಕವಿಗಳ ಸಾಲುಗಳನ್ನು ಆಯ್ದು, ಜೋಡಿಸಿ, ಹೊಸ ಪದ್ಯ ಕಟ್ಟುವ ರೀತಿಗೆ ರೋಮಿನವರು ‘ಸೆಂಟೊ’ ಎಂದರು. ಲ್ಯಾಟಿನ್ನಿನಲ್ಲಿ ಆ ಶಬ್ದಕ್ಕೆ ತೇಪೆಯ ಬಟ್ಟೆಯೆಂದೇ ಅರ್ಥ. ನಾಲ್ಕನೆಯ ಶತಮಾನದ ಆಸೋನಿಯಸ್ ಕವಿ ವರ್ಜಿಲನ ಸಾಲುಗಳಿಂದಲೇ ಒಂದು ಮದುವೆಯ ಪದ್ಯ ಹೊಲಿದನು.

ಇದು ಕಳವಲ್ಲವೆ? ಉತ್ತರ ಹುಡುಕಲು ರೋಮಿನವರೆಗೆ ಹೋಗಬೇಕಿಲ್ಲ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಗುರುಗಳಾದ ಜಿನಸೇನಾಚಾರ್ಯರು ‘ಪಾರ್ಶ್ವಾಭ್ಯುದಯ’ವೆಂಬ ಸಂಸ್ಕೃತ ಕಾವ್ಯ ರಚಿಸಿದರು. ಅದರ 364 ಪದ್ಯಗಳಲ್ಲಿ ಕಾಳಿದಾಸನ ‘ಮೇಘದೂತ’ವು ಇಡಿಯಾಗಿ ಅಡಗಿದೆ. ನಾಲ್ಕು ಪಾದದ ಪದ್ಯದಲ್ಲಿ ಒಂದೋ ಎರಡೋ ಪಾದ ಕಾಳಿದಾಸನವು, ಉಳಿದವು ಆಚಾರ್ಯರವು. ಎರಡಕ್ಕೂ ಛಂದಸ್ಸು ಒಂದೇ: ಪಾದಕ್ಕೆ 17 ಅಕ್ಷರದ ಮಂದಾಕ್ರಾಂತ. ಆದ್ದರಿಂದ ಹೊಲಿಗೆ ಕಿವಿಗೆ ತಿಳಿಯದು. ಅರ್ಥ ಮಾತ್ರ ಬೇರೆಯಾಯಿತು. ಮಡದಿಯನ್ನು ಅಗಲಿದ ಯಕ್ಷನು ಮೋಡಕ್ಕೆ ಹೇಳಿದ ಮಾತು, ಇಲ್ಲಿ ತಪಸ್ಸಿಗೆ ನಿಂತ ಪಾರ್ಶ್ವನಾಥನನ್ನು ಕದಲಿಸಬಂದ ಶಂಬರನ ಬಾಯಿಗೆ ಬರುತ್ತದೆ. ಅಕ್ಷರ ಅವೇ, ವಿರಹದ ನುಡಿ ವೈರದ ನುಡಿಯಾಗಿದೆ.

ಮೂಲಕ್ಕೂ ಇದರಿಂದ ಉಪಕಾರವಾಯಿತು. ಕೈಬರಹದ ಪ್ರತಿಗಳಲ್ಲಿ ಮೇಘದೂತಕ್ಕೆ ಬೇರೆಯವರ ಪದ್ಯಗಳೂ ಸೇರಿಕೊಂಡಿದ್ದವು. ಜಿನಸೇನರ ಕಾಲಕ್ಕೆ ಅದು 120 ಪದ್ಯಗಳಾಗಿ ಓದಿನಲ್ಲಿತ್ತೆಂಬುದಕ್ಕೆ ಅವರ ಹೊಲಿಗೆಯೇ ಸಾಕ್ಷಿ. ಮುಂದೆ 1898ರಲ್ಲಿ ‘ಕವಿರಾಜಮಾರ್ಗ’ವನ್ನು ಪ್ರಕಟಿಸಿದ ಕೆ. ಬಿ. ಪಾಠಕರು, ಅದಕ್ಕೂ ಮೊದಲು 1894ರಲ್ಲಿ, ಪಾರ್ಶ್ವಾಭ್ಯುದಯದಿಂದಲೇ ಮೇಘದೂತವನ್ನು ಬಿಡಿಸಿ ಅಚ್ಚು ಹಾಕಿಸಿದರು. ಕೌದಿಯೊಳಗಿನ ತುಂಡು ಹೀಗೆ ಸಾವಿರ ವರ್ಷ ಮಾಸದೆ ಉಳಿಯಿತು.

ಕನ್ನಡದಲ್ಲಿ ಇದಕ್ಕೆ ಹತ್ತಿರದ್ದು ‘ಶೂನ್ಯಸಂಪಾದನೆ’. ಬಿಡಿಬಿಡಿಯಾಗಿದ್ದ ಅಲ್ಲಮ, ಬಸವಣ್ಣ, ಅಕ್ಕಮಹಾದೇವಿ ಮೊದಲಾದವರ ವಚನಗಳನ್ನು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಪ್ರಶ್ನೆ, ಉತ್ತರಗಳಾಗಿ ಪೋಣಿಸಿದನು; ಆಮೇಲೆ ಇನ್ನೂ ಮೂವರು ಅದನ್ನು ತಮ್ಮ ತಮ್ಮ ರೀತಿಯಲ್ಲಿ ಹೆಣೆದರು. ಒಂಟಿಯಾಗಿ ಓದಿದಾಗ ಸ್ವಗತದಂತಿದ್ದ ವಚನವು ಅಲ್ಲಿ ಎದುರಿಗಿದ್ದವರಿಗೆ ಕೊಟ್ಟ ಉತ್ತರವಾಗುತ್ತದೆ.

ಇವರು ಯಾರೂ ಪರರ ಸೊತ್ತನ್ನು ಮುಚ್ಚಿಡಲಿಲ್ಲ. ಜಿನಸೇನರು ಕಾವ್ಯದ ಕೊನೆಯಲ್ಲಿ ಕಾಳಿದಾಸನ ಹೆಸರು ಹೇಳಿದರು. ಸಂಪಾದನೆಕಾರರು ವಚನಗಳ ಅಂಕಿತಗಳನ್ನು ಹಾಗೆಯೇ ಉಳಿಸಿದರು. ಕಳವಿಗೂ ಕೌದಿಗೂ ಇರುವ ಅಂತರ ಇದೇ. ಬಿಡುವಿದ್ದಾಗ ಮನೆಯವರೆಲ್ಲ ಕೂಡಿ, ಬಾಯಿಗೆ ಬರುವ ಪದ್ಯಗಳ ಸಾಲು ಜೋಡಿಸಿ ನೋಡಿರಿ. ಅರ್ಥವೂ ಲಯವೂ ಕೂಡಿದರೆ ಸಂತೋಷ. ಯಾವ ಸಾಲು ಯಾರದೆಂದು ಮಕ್ಕಳಿಗೆ ಹೇಳುವುದನ್ನು ಮಾತ್ರ ಮರೆಯಬೇಡಿರಿ.