ಹಳ್ಳಿಯ ಸಿನಿಮಾ, ದೂರದ ಉತ್ಸವ

ತಾರೆಯರ ಹಂಗಿಲ್ಲದೆ, ಸಣ್ಣ ಬಂಡವಾಳದಲ್ಲಿ, ನಿರ್ದೇಶಕರ ಮನಸ್ಸಿನಂತೆ ತಯಾರಾಗುವುದು ಸ್ವತಂತ್ರ ಸಿನಿಮಾ. ಥಿಯೇಟರುಗಳಲ್ಲಿ ಇದಕ್ಕೆ ಜಾಗ ಸಿಗುವುದೇ ಕಷ್ಟ; ನೋಡುಗರು ಸಿಗುವುದು ಚಿತ್ರೋತ್ಸವಗಳಲ್ಲಿ.

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಸಿನಿಮಾಪ್ರಿಯರಿಗೆ ದೊಡ್ಡ ಉತ್ಸವವೆಂದರೆ ಬೆಂಗಳೂರಿನದು, 2006ರಲ್ಲಿ ಶುರುವಾದದ್ದು. ಅದಕ್ಕೂ ಬಹಳ ಮೊದಲೇ, ಪಕ್ಕದ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ರಂಗಸಂಸ್ಥೆ ನೀನಾಸಮ್ 1973ರಲ್ಲಿ ಚಿತ್ರಸಮಾಜ ಕಟ್ಟಿತ್ತು. ಸತ್ಯಜಿತ್ ರಾಯ್, ಕುರೊಸಾವಾ ಚಿತ್ರಗಳು ಅಡಿಕೆ ತೋಟಗಳ ನಡುವಿನ ಊರಿಗೇ ಬಂದವು. ಹಳ್ಳಿಯವರಿಗೆ ಇವು ಅರ್ಥವಾಗುವುದಿಲ್ಲ ಎಂಬ ಪೇಟೆಯ ಮಾತು ಅಲ್ಲಿ ನಿಲ್ಲಲಿಲ್ಲ.

ಈಗ ಹಳ್ಳಿಯ ಚಿತ್ರಗಳೇ ಹೊರದೇಶಕ್ಕೆ ಹೊರಟಿವೆ. ಹಾನಗಲ್ಲಿಗೆ ನೆರೆಯ ಉತ್ತರ ಕನ್ನಡದ ನಟೇಶ್ ಹೆಗಡೆ ಅವರ 'ಪೆದ್ರೊ' 2021ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಉತ್ಸವದಲ್ಲಿ ಪ್ರದರ್ಶನಗೊಂಡಿತು. ಅದರಲ್ಲಿ ಕರೆಂಟು ಕೆಲಸದ ಪೆದ್ರೊನ ಪಾತ್ರ ಮಾಡಿದವರು ನಿರ್ದೇಶಕರ ತಂದೆ ಗೋಪಾಲ ಹೆಗಡೆ. ನಿಜಜೀವನದಲ್ಲೂ ಅವರದು ಅದೇ ಕಸುಬು. ನಟನೆಯ ತರಬೇತಿಯಿಂದ ಸುಲಭವಾಗಿ ಬರುವಂಥದ್ದಲ್ಲ ಆ ಕೈಚಳಕ.

ಮರುವರ್ಷ ಜೈಶಂಕರ್ ಆರ್ಯರ್ ಅವರ 'ಶಿವಮ್ಮ' ಅದೇ ಉತ್ಸವದಲ್ಲಿ ಹೊಸ ನಿರ್ದೇಶಕರಿಗೆ ಕೊಡುವ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ಕೊಪ್ಪಳ ಸೀಮೆಯ ಹಳ್ಳಿಯಲ್ಲಿ ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿಯ ಶಕ್ತಿವರ್ಧಕ ಪುಡಿ ಮಾರಲು ಹೊರಟ ಹೆಂಗಸಿನ ಕತೆ ಅದು. ಕರ್ನಾಟಕದ ಥಿಯೇಟರುಗಳಿಗೆ ಅದು ಬಂದದ್ದು 2024ರಲ್ಲಿ.